ಇಂಡಿಯ ಲಿಂಬೆಗೆ ಪುಟ ಬರೆದದ್ದು

ಕಾಕಾ ಒಂದು ಬುಟ್ಟಿ ಲಿಂಬೆಹಣ್ಣು ತಂದು ನನ್ನ ಕೀಬೋರ್ಡಿನ ಪಕ್ಕದಲ್ಲಿಟ್ಟು, "ಇವನ್ನ ನಿನ್ನ ಕಂಪ್ಯೂಟರಿನಾಗ ಹಾಕವಾ" ಅಂದಾಗ ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ನಾನು ನಗಲಿಲ್ಲ. ಯಾರಾದರೂ ಹಾಗೆ ಕೇಳಲಿ ಎಂದು ಎಷ್ಟೋ ತಿಂಗಳಿಂದ ಕಾಯುತ್ತಿದ್ದವಳು ನಾನು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮೂರಾದ ಇಂಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಅಣ್ಣನದೊಂದು ಝೆರಾಕ್ಸ್ ಅಂಗಡಿ. ಅದರ ಒಂದು ಮೂಲೆಯಲ್ಲಿ ಕಂಪ್ಯೂಟರು, ಮೊಡೆಮ್ಮು, ನಾನು. ಡಿಗ್ರಿ ಮುಗಿದ ಮೇಲೆ ಸಿಂದಗಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕಂಪ್ಯೂಟರ್ ಕೋರ್ಸು ಮಾಡಿಕೊಂಡು ಬಂದಿದ್ದೆ. ಅಲ್ಲಿ ವೆಬ್‌ಪೇಜ್ ಬರೆಯುವುದನ್ನು ಕಲಿಸಿದ್ದರು. ಕಪ್ಪು ಅಕ್ಷರದಲ್ಲಿ ಏನೇನೋ ಚಿಹ್ನೆ ಹಾಕಿ ಬರೆದದ್ದು, ಒಂದು ಗುಂಡಿ ಒತ್ತಿದೊಡನೆ ಬಣ್ಣದ ಪುಟವಾಗಿ ಎದುರಿಗೆ ನಿಲ್ಲುವುದನ್ನು ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಿರಲಿಲ್ಲ. ಆದರೆ ಇಂಡಿಗೆ ಮರಳಿದ ಮೇಲೆ ಆ ವಿದ್ಯೆ ಯಾರಿಗೂ ಬೇಕಾಗಿರಲಿಲ್ಲ. ಅರ್ಜಿ ಟೈಪ್ ಮಾಡುವುದು, ಲಗ್ನಪತ್ರಿಕೆಗೆ ಮೂಲೆಯಲ್ಲಿ ಹೂವು ಕೂಡಿಸುವುದು, ಪರೀಕ್ಷೆಯ ಫಲಿತಾಂಶ ಬಂದ ದಿನ ನೂಕುನುಗ್ಗಲಿನಲ್ಲಿ ನಂಬರು ಹುಡುಕಿಕೊಡುವುದು, ಇಷ್ಟೇ ಕೆಲಸ.

ಅಪ್ಪನ ತಮ್ಮನಾದ ಈ ಕಾಕಾನ ಲಿಂಬೆ ತೋಟ ಊರಿನಿಂದ ಸ್ವಲ್ಪ ದೂರ. ನಮ್ಮ ಕಡೆ ಲಿಂಬೆ ಬೆಳೆಯುವವರಿಗೆ ಕೊರತೆಯಿಲ್ಲ. ಆದರೆ ಹಣ್ಣು ಮಾರ್ಕೆಟ್ಟಿಗೆ ಹೋಗಿ, ಅಲ್ಲಿಂದ ಯಾರದೋ ಲಾರಿ ಹತ್ತಿ ಎಲ್ಲಿಗೆ ಹೋಯಿತು, ಯಾರು ತಿಂದರು ಎಂಬುದು ಬೆಳೆದವರಿಗೆ ತಿಳಿಯುತ್ತಿರಲಿಲ್ಲ. ಕೊಂಡವರ ಮುಖವನ್ನು ಒಮ್ಮೆಯೂ ನೋಡಿಲ್ಲವೆಂಬುದು ಕಾಕಾನಿಗೊಂದು ಕೊರಗು.

"ಕೊಳ್ಳಾವನ ಮಾರಿ ನೋಡಬೇಕಂತ ಆಸೆ ನನಗ," ಅಂದ. "ಕಂಪ್ಯೂಟರಿನಾಗ ಹಾಕಿದ್ರ ಮುಂಬೈದಾಗ ಕುಂತವರಿಗೂ ಕಾಣ್ತೈತಿ ಅಂತಾರ. ಖರೆ ಏನು?"

"ಖರೆ ಕಾಕಾ," ಅಂದೆ. ಅದು ಎಷ್ಟರ ಮಟ್ಟಿಗೆ ನಿಜ ಎಂಬುದು ನನಗೂ ಗೊತ್ತಿರಲಿಲ್ಲ.

ಫೋಟೋ ಸ್ಟುಡಿಯೋದವರನ್ನು ಕರೆದುಕೊಂಡು ತೋಟಕ್ಕೆ ಹೋದೆವು. ಗಿಡದ ತುಂಬ ಹಣ್ಣು, ಚೀಲದ ಮೇಲೆ ರಾಶಿ, ಅಡ್ಡ ಕೊಯ್ದ ಒಂದು ಲಿಂಬೆ, ಹಣ್ಣು ಆರಿಸುತ್ತಿರುವ ಚಿಗವ್ವನ ಕೈ. ಚಿಗವ್ವ ಎಂದರೆ ಕಾಕಾನ ಹೆಂಡತಿ. ಮುಖ ತೋರಿಸಲು ಒಪ್ಪದೆ ಸೆರಗು ಮುಂದೆಳೆದುಕೊಂಡಿದ್ದಳು, ಹಾಗಾಗಿ ಕೈ ಮಾತ್ರ ಬಂತು. ಆ ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ ಪುಟ ಕಟ್ಟಿದೆ. ಮೇಲೆ ಓಡಾಡುವ ಅಕ್ಷರಗಳಲ್ಲಿ ಇಂಗ್ಲಿಷಿನ ಸ್ವಾಗತ, ಸುತ್ತ ಹೂವಿನ ಅಂಚು, ಕೆಳಗೆ ಗಿರಗಿರ ತಿರುಗುವ ಒಂದು ಲಕೋಟೆ. ಪುಟ ಇಂಟರ್ನೆಟ್ಟಿಗೆ ಏರಿದ ದಿನ ಅಣ್ಣ ಪೇಢೆ ತರಿಸಿದ.

ಆಮೇಲೆ ಹುಡುಕಿ ನೋಡಿದೆವು. ಹುಡುಕುವ ಪುಟ ತೆರೆದು, ಇಂಗ್ಲಿಷಿನಲ್ಲಿ ಲೆಮನ್ ಎಂದು ಹೊಡೆದು, ಮೊಡೆಮ್ಮಿನ ದೀಪ ಮಿನುಗುವುದನ್ನೇ ನೋಡುತ್ತ ಕುಳಿತೆವು. ಜಗತ್ತಿನ ಎಲ್ಲರ ಲಿಂಬೆಯೂ ಬಂತು. ನಮ್ಮದು ಬರಲಿಲ್ಲ. ಮುಂದಿನ ಪುಟ, ಅದರ ಮುಂದಿನ ಪುಟ ನೋಡಿದೆವು. ಅಷ್ಟರಲ್ಲಿ ಅಂಗಡಿಯ ಫೋನನ್ನು ಯಾರೋ ಎತ್ತಿದರು, ಅದೇ ಲೈನಿನ ಇಂಟರ್ನೆಟ್ ಕಡಿದುಹೋಯಿತು.

ಸಂತೆಗೆ ಬಂದಾಗಲೆಲ್ಲ ಕಾಕಾ ಬಾಗಿಲಲ್ಲಿ ನಿಂತು, "ಏನರೆ ಬಂತೇನವಾ?" ಎಂದು ಕೇಳುತ್ತಿದ್ದ. ಇನ್ನೂ ಇಲ್ಲ ಎಂದರೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ಗಿಡ ಹಚ್ಚಿದ ದಿನಾನ ಕಾಯಿ ಹರಿಯಾಕ ಆಗೂದಿಲ್ಲ ಬಿಡು" ಎಂದು ಚಹಾ ಕುಡಿದು ಹೋಗುತ್ತಿದ್ದ.

ಸಿಂದಗಿಯಲ್ಲಿ ನನಗೆ ಕಲಿಸಿದ್ದ ಸರ್‌ಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು, "ಕೀವರ್ಡ್ ಹಾಕಿದಿ ಇಲ್ಲೋ?"

"ಅಂದ್ರೇನ್ರಿ ಸರ?"

"ಮಂದಿ ಯಾವ ಶಬ್ದ ಹೊಡದು ಹುಡುಕತಾರೋ ಆ ಶಬ್ದ ನಿನ್ನ ಪೇಜಿನಾಗ ಇರಬೇಕು. ಫೋಟೋಕ್ಕೂ ಹಿಂದ ಒಂದು ವಿವರಣೆ ಬರಿಯಾಕ ಜಾಗ ಇರ್ತೈತಿ, ಅದನ್ನೂ ಖಾಲಿ ಬಿಡಬ್ಯಾಡ."

ಫೋಟೋದ ಹಿಂದಿನ ಜಾಗ ನನಗೆ ನೆನಪಿತ್ತು. ಕ್ಲಾಸಿನಲ್ಲಿ ಹೇಳಿದ್ದರು, ಅದೇನು ಮಹಾ ಎಂದು ನಾವೆಲ್ಲ ಬಿಟ್ಟಿದ್ದೆವು. ಚಿತ್ರ ಕಣ್ಣಿಗೆ ಕಾಣುತ್ತಿರುವಾಗ ಅದರ ಬಗ್ಗೆ ಬರೆಯುವುದು ಏನಿದೆ? ಆದರೆ ಈಗ ಫೋನಿಟ್ಟೊಡನೆ ಅಣ್ಣನನ್ನು ಕೂಗಿ ಕರೆದೆ. ಇಷ್ಟು ಸಣ್ಣ ಗುಟ್ಟೇ ಇದು ಎಂದು ಅಣ್ಣನಿಗೆ ಹೇಳಿದೆ. ಅಣ್ಣ ಯಾವ ಕೆಲಸವನ್ನೂ ಅರೆಬರೆ ಮಾಡುವವನಲ್ಲ.

"ಒಂದ್ಸಲ ಬರದ್ರ ಕಂಪ್ಯೂಟರಿಗಿ ಹೆಂಗ ಗೊತ್ತಾಗಬೇಕು? ಬರಿ, ಇನ್ನಷ್ಟು ಬರಿ," ಎಂದು ಹಿಂದೆ ನಿಂತ. ನಾನು ಬರೆದೆ. ಒಳ್ಳೆಯ ಲೆಮನ್, ಇಂಡಿ ಲೆಮನ್, ತಾಜಾ ಲೆಮನ್, ನಮ್ಮ ಲೆಮನ್ ತೋಟದ ಲೆಮನ್. ಚಿತ್ರಗಳ ಹಿಂದೆಯೂ ಅದನ್ನೇ ತುಂಬಿದೆ. ಸಾಲದೆಂದು ಪುಟದ ಬುಡದಲ್ಲಿ ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ಇನ್ನೊಂದು ರಾಶಿ.

ಅದೇ ವಾರ ಕೃಷಿ ಇಲಾಖೆಯ ಒಂದು ಪುಸ್ತಿಕೆ ಝೆರಾಕ್ಸಿಗೆ ಬಂತು. ಅದರಲ್ಲಿ ನಮ್ಮ ಲಿಂಬೆಗೆ ಇಂಗ್ಲಿಷಿನಲ್ಲಿ ಲೆಮನ್ ಅಲ್ಲ, ಲೈಮ್ ಎಂದಿತ್ತು. ಹೊರದೇಶದವರು ಲೆಮನ್ ಎನ್ನುವುದು ದಪ್ಪ ಸಿಪ್ಪೆಯ ಉದ್ದನೆಯ ಹಳದಿ ಹಣ್ಣಿಗಂತೆ. ನಾವು ಇಷ್ಟು ದಿನ ಬೇರೆಯವರ ಹಣ್ಣಿನ ಹೆಸರಲ್ಲಿ ಜಾಹೀರಾತು ಕೊಡುತ್ತಿದ್ದೇವಲ್ಲ ಎಂದು ನನಗೆ ಗಾಬರಿ. ಒಂದೇ ಏಟಿಗೆ ಪುಟದ ತುಂಬ ಇದ್ದ ಲೆಮನ್ ಎಲ್ಲವನ್ನೂ ಲೈಮ್ ಮಾಡಿದೆ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಮೇಲ್ ತೆರೆದರೆ ಗೊತ್ತಿಲ್ಲದ ಹೆಸರು. ನಮ್ಮ ಪುಟ ನೋಡಿ ಬರೆದ ಮೊಟ್ಟಮೊದಲ ಮನುಷ್ಯ. ನಾನು ಕುರ್ಚಿಯಿಂದ ಎದ್ದು ನಿಂತು ಓದಿದೆ. ಗೋವೆಯಿಂದ ಬರೆದಿದ್ದರು. ನಿಮ್ಮಲ್ಲಿ ಲೈಮ್ ಸಿಗುವುದೆಂದು ತಿಳಿಯಿತು, ನಮಗೆ ಲಾರಿಗಟ್ಟಲೆ ಬೇಕು, ಗಟ್ಟಿಯಾಗಿ ಕೊಡುತ್ತೀರೋ ಪುಡಿ ಮಾಡಿ ಕೊಡುತ್ತೀರೋ ತಿಳಿಸಿ.

ಅಣ್ಣ ಅಂಗಡಿ ಬಿಟ್ಟು ಮೋಟಾರ್‌ಸೈಕಲ್ ಮೇಲೆ ತೋಟಕ್ಕೆ ಹೋಗಿ ಕಾಕಾನನ್ನು ಕರೆತಂದ. ಕಾಕಾ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ದೊಡ್ಡವರ ಮುಂದೆ ಕುಳಿತಂತೆ ಪರದೆಯ ಮುಂದೆ ಕುಳಿತ. ನಾನು ಮೇಲನ್ನು ಕನ್ನಡದಲ್ಲಿ ಹೇಳಿದೆ.

"ಗಟ್ಟಿ ಅಂದ್ರ ಕಾಯಿ ಇರಬೇಕು. ಪುಡಿ ಹೆಂಗ ಮಾಡೂದು?" ಕಾಕಾ ಯೋಚಿಸಿದ. "ಉಪ್ಪು ಹಚ್ಚಿ ಬಿಸಲಾಗ ಒಣಗಿಸಿ ಕುಟ್ಟಿದ್ರ ಆಗಬಹುದು. ನಿಮ್ಮ ಚಿಗವ್ವಗ ಕೇಳ್ತೇನಿ. ಸದ್ಯಕ್ಕ ಗಟ್ಟಿ ಕೊಡ್ತೇವಿ, ಪುಡಿ ಬೇಕಂದ್ರ ಒಣಗಿಸಿ ಕೊಡ್ತೇವಿ ಅಂತ ಬರಿ."

ಬರೆದು ಕಳಿಸಿದೆ. ಮರುದಿನವೇ ಉತ್ತರ ಬಂತು. ಗೋವೆಯವರು ಬಹಳ ವಿನಯದಿಂದ ಕೇಳಿದ್ದರು: ಒಣಗಿಸುವುದು ಯಾಕೆ ಎಂದು ತಿಳಿಯಲಿಲ್ಲ, ಭಟ್ಟಿಯಲ್ಲಿ ಸುಡುವುದಿಲ್ಲವೇ? ಗೋಡೆಗೆ ಬಳಿದರೆ ಬಿಳುಪು ಎಷ್ಟು ದಿನ ನಿಲ್ಲುತ್ತದೆ?

ನಾನು ಆ ಸಾಲನ್ನು ಇನ್ನೊಮ್ಮೆ ಓದಿದೆ. ಆಮೇಲೆ ಡಿಕ್ಷನರಿ ತೆಗೆದೆ. ಇಂಗ್ಲಿಷಿನ ಆ ಪದಕ್ಕೆ ಲಿಂಬೆ ಎಂಬುದು ಒಂದು ಅರ್ಥ, ಸುಣ್ಣ ಎಂಬುದು ಇನ್ನೊಂದು. ಅವರು ಕಟ್ಟಡ ಕಟ್ಟುವವರು. ಚಿತ್ರ ಮೂಡುವಷ್ಟು ಹೊತ್ತು ಕಾಯದೆ ಅಕ್ಷರವನ್ನಷ್ಟೇ ಓದಿರಬೇಕು.

ಕಾಕಾನಿಗೆ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದರೆ ಅಣ್ಣನೇ ಹೇಳಿಬಿಟ್ಟ. ಕಾಕಾನ ಹೊಟ್ಟೆ ಅಲುಗಾಡತೊಡಗಿತು. ನಕ್ಕು ನಕ್ಕು ರುಮಾಲಿನಿಂದ ಕಣ್ಣೊರೆಸಿಕೊಂಡು, "ನನ್ನ ಲಿಂಬಿಹಣ್ಣಿಲೇ ಗ್ವಾಡಿ ಬಳಿಯಾವ್ರಿದ್ದರು," ಅಂದ. "ಆದರ ಒಂದು ಮಾತು ಖರೆ ಆತವಾ. ಗೋವಾದಾಗ ಕುಂತವಗ ಇಂಡಿ ಕಾಣಿಸ್ತು."

ನಿಜವಾಗಿ ನನ್ನೊಳಗೆ ಹುರುಪು ಹತ್ತಿಕೊಂಡದ್ದು ಅಂದಿನಿಂದ. ಪದ ಸಾಕಷ್ಟು ಸಲ ಇದ್ದರೆ ಜನ ಬರುತ್ತಾರೆ, ಆದರೆ ಬೇರೆ ಜನ ಬರುತ್ತಾರೆ. ಹಾಗಾದರೆ ನಮಗೆ ಬೇಕಾದವರು ಯಾವ ಪದ ಹಿಡಿದು ಬರುತ್ತಾರೆ? ಸುಣ್ಣ ಬೇಕಾದವನು ಭಟ್ಟಿ, ಗೋಡೆ ಎನ್ನುತ್ತಾನೆ. ಹಣ್ಣು ಬೇಕಾದವನು ಏನೆನ್ನುತ್ತಾನೆ? ಅದನ್ನು ಕಂಪ್ಯೂಟರಿನ ಮುಂದೆ ಕುಳಿತು ತಿಳಿಯಲು ಸಾಧ್ಯವಿರಲಿಲ್ಲ. ಕಾಕಾನ ಜೊತೆ ಮಾರ್ಕೆಟ್ಟಿಗೆ ಹೋದೆ.

ಲಿಂಬೆಯ ರಾಶಿಗಳ ನಡುವೆ ಓಡಾಡುತ್ತ ವ್ಯಾಪಾರಿಗಳ ಮಾತಿಗೆ ಕಿವಿಗೊಟ್ಟೆ. ಸೊಲ್ಲಾಪುರದ ಕಡೆಯಿಂದ ಬಂದಿದ್ದವರು ಕಾಗದಿ ಲಿಂಬೂ ಅನ್ನುತ್ತಿದ್ದರು. ಹೈದರಾಬಾದಿಗೆ ಕಳಿಸುವವರು ಕಾಗ್ಜಿ ನಿಂಬೂ ಅನ್ನುತ್ತಿದ್ದರು. ಕಾಗದದಷ್ಟು ತೆಳ್ಳಗಿನ ಸಿಪ್ಪೆ ಎಂಬ ಅರ್ಥ. ಒಬ್ಬರು ಹಣ್ಣನ್ನು ಕಿವಿಯ ಹತ್ತಿರ ಹಿಡಿದು ಹಿಸುಕಿ, "ಉಪ್ಪಿನಕಾಯಿಗಿ ಇದು ಬೇಕ್ರಿ, ಸಿಪ್ಪಿ ಕಹಿ ಬಿಡೂದಿಲ್ಲ" ಅಂದರು. ಯಾರ ಬಾಯಲ್ಲೂ ಒಳ್ಳೆಯ, ಉತ್ತಮ, ಅತ್ಯುತ್ತಮ ಎಂಬ ಮಾತೇ ಇರಲಿಲ್ಲ. ತೆಳ್ಳನೆ ಸಿಪ್ಪೆ, ರಸ, ಬೀಜ, ಉಪ್ಪಿನಕಾಯಿ, ಶರಬತ್ತು, ಎಷ್ಟು ದಿನ ತಾಳುತ್ತದೆ, ಇದೇ ಮಾತು. ನಾನು ಅಂಗಡಿಗೆ ಓಡಿದೆ ಎಂದೇ ಹೇಳಬೇಕು. ಆದರೆ ಬರೆಯಲು ಕುಳಿತರೆ ಮತ್ತೆ ಅದೇ ಹಳೆಯ ಚಟ. ಕಾಗದಿ ಲಿಂಬೂ ಸಿಕ್ಕಿತಲ್ಲ ಎಂದು ಅದನ್ನೂ ಸಾಲಿಗೊಂದರಂತೆ ತುರುಕಿದೆ.

ಅದನ್ನು ಬಿಡಿಸಿದವರು ನಮ್ಮ ಅಕ್ಕನ ಭಾವ. ಅಕ್ಕನನ್ನು ಬಸವನಬಾಗೇವಾಡಿಗೆ ಕೊಟ್ಟಿತ್ತು. ಅವಳು ಬಸುರಿಯಾದಾಗ ಕುಬಸದ ಕಾರ್ಯಕ್ಕೆ ನಾವೆಲ್ಲ ಹೋಗಿದ್ದೆವು. ಅವಳ ಗಂಡನ ಅಣ್ಣ ಮುದ್ದೇಬಿಹಾಳದಲ್ಲಿ ಇತಿಹಾಸದ ಲೆಕ್ಚರರ್. ಹುಟ್ಟಿನಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಾಗ ಅವರು ನನ್ನ ಧ್ವನಿ ಹಿಡಿದು ಕರೆದರು.

"ಲಿಂಬಿ ಪೇಜ್ ಮಾಡಿದಾಕಿ ನೀನ ಅಲ್ಲೇನವಾ? ನಿಮ್ಮಕ್ಕ ವಿಳಾಸ ಕೊಟ್ಟಿದ್ದಳು. ಕೇಳಿದೆ."

"ಕೇಳಿದ್ರಿ?"

"ನನ್ನ ಕಂಪ್ಯೂಟರ್ ಓದಿ ಹೇಳ್ತೈತಿ. ಗೆಳೆಯಾ ಒಬ್ಬಾವ ಬೆಂಗಳೂರಿಂದ ಸಿಡಿ ತಂದು ಹಾಕಿಕೊಟ್ಟಾನ. ನಿನ್ನ ಪೇಜ್ ಹೆಂಗ ಓದ್ತು ಗೊತ್ತೇನು?" ಎಂದು ಬೆನ್ನು ನೆಟ್ಟಗೆ ಮಾಡಿ, ಮೂಗಿನಲ್ಲಿ, ಏರಿಳಿತವಿಲ್ಲದೆ ಶುರು ಮಾಡಿದರು. "ಲೈಮ್ ಲೈಮ್ ಇಂಡಿ ಲೈಮ್ ಬೆಸ್ಟ್ ಲೈಮ್ ಕಾಗದಿ ಲಿಂಬೂ ಲೈಮ್ ಲೈಮ್." ಕಟ್ಟೆಯ ಮೇಲಿದ್ದವರೆಲ್ಲ ನಗೆಯಲ್ಲಿ ಮುಳುಗಿದರು. ಅಡಿಗೆ ಮನೆಯಿಂದ ಹೆಂಗಸರು ಬಂದು ಬಾಗಿಲಲ್ಲಿ ನಿಂತರು. ನನಗೂ ನಗು ತಡೆಯಲಾಗಲಿಲ್ಲ. "ನೀ ಬಿಳಿ ಅಕ್ಷರದಾಗ ಮುಚ್ಚಿಟ್ಟದ್ದನ್ನೂ ಓದಿ ಹೇಳ್ತು ಅದು. ಅದಕ್ಕ ಬಿಳಿ ಕರಿ ಎಲ್ಲಾ ಒಂದ," ಎಂದು ಅವರೂ ನಕ್ಕರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಚಿತ್ರ ಬಂದಲ್ಲೆಲ್ಲಾ ಲೈಮ್ ಲೈಮ್ ಅಂತೈತಿ. ಖರೇನ ಆ ಚಿತ್ರದಾಗ ಏನೈತಿ?"

"ಲಿಂಬಿಹಣ್ಣು ಅದಾವ್ರಿ."

"ಅದು ಗೊತ್ತಾತು. ಹೆಂಗ ಅದಾವ?"

ನಾನು ಮಾತಿಗೆ ತಡಕಾಡುತ್ತಿರುವಾಗ ಹಿಂದೆ ನಿಂತಿದ್ದ ಚಿಗವ್ವ ಬಾಯಿ ಹಾಕಿದಳು. "ನನ್ನ ಕೈ ಅದಾವ್ರಿ ಅದರಾಗ. ಚೀಲದ ಮ್ಯಾಲ ಸುರುವಿ ಹಸರು ಬ್ಯಾರೆ, ಹಳದಿ ಬ್ಯಾರೆ ಮಾಡಾಕತ್ತಿದ್ದೆ. ಹಸರು ದೂರದ ಊರಿಗಿ, ಹಳದಿ ಇಲ್ಲೇ ಸಂತಿಗಿ." ನಾನು ಮುಂದುವರಿಸಿದೆ. ಹಸಿರು ಬಳೆಗಳು, ಮೊಣಕೈತನಕ ಮಣ್ಣು, ಬೆಳಗಿನ ಬಿಸಿಲು ಬದಿಯಿಂದ ಬಿದ್ದು ಪ್ರತಿ ಹಣ್ಣಿಗೂ ಒಂದೊಂದು ಹೊಳಪು. ಲೆಕ್ಚರರ್ ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದರು. ಮುಗಿದ ಮೇಲೆ, "ಈಗ ಕಂಡ್ವು ನೋಡು," ಅಂದರು. "ಇದನ್ನ ಅಲ್ಲಿ ಬರಿ."

ಮುಂದಿನ ರವಿವಾರವೇ ಪುಟವನ್ನು ಸಿಡಿಗೆ ಹಾಕಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದೆ. ಅವರ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಧೂಳು ಕೂಡದಂತೆ ಹೊದಿಸಿದ ಬಟ್ಟೆ ಹಾಗೇ ಇತ್ತು. ಅವರಿಗೆ ಬೇಕಾದದ್ದು ಎರಡು ಸ್ಪೀಕರ್ ಮಾತ್ರ. ನಾನು ಬಟ್ಟೆ ಸರಿಸಿ ಕುಳಿತೆ. ನಾನು ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯುವುದು, ಯಂತ್ರ ಓದುವುದು, ಅವರು ಕೈಯೆತ್ತಿ ನಿಲ್ಲಿಸುವುದು.

"ಈ ಸಾಲಿನಾಗ ಲಿಂಬಿ ಎರಡು ಸಲ ಬಂತು. ಮಾತಾಡುವಾಗ ಹಿಂಗ ಅಂತೀ ಏನು?"

"ಇಲ್ರಿ. ಎರಡನೇ ಸಲ ಹಣ್ಣು ಅಂತೇನಿ."

"ಮತ್ತ ಹಂಗ ಬರಿ."

ಅವರ ಹೆಂಡತಿ ಅವಲಕ್ಕಿ ಕೊಡಲು ಬಂದವರು ಅಲ್ಲೇ ಕುಳಿತುಬಿಟ್ಟರು. ಪೇಟೆಯಲ್ಲಿ ಲಿಂಬೆ ಕೊಳ್ಳುವಾಗ ನೀವು ಏನು ಕೇಳುತ್ತೀರಿ ಎಂದೆ. "ರಸ ಐತೇನಪಾ ಅಂತ ಕೇಳ್ತೇನಿ," ಅಂದರು. ಆ ಪ್ರಶ್ನೆಯನ್ನೇ ಒಂದು ಚಿಕ್ಕ ತಲೆಬರಹ ಮಾಡಿದೆ, ಅದರ ಕೆಳಗೆ ಉತ್ತರ. ಕಾಗದಿ ಎಂಬ ಹೆಸರು ಯಾಕೆ ಬಂತು ಎಂದು ಒಂದು ಸಾಲು ಬರೆದೆ. ಕಾಗದಿ ಲಿಂಬೂ, ಕಾಗ್ಜಿ ನಿಂಬೂ ಎರಡೂ ಅಲ್ಲಿ ತಾವಾಗಿಯೇ ಕುಳಿತವು, ಯಾರೂ ನೂಕಿದಂತಿರಲಿಲ್ಲ. ಇಂಗ್ಲಿಷಿನ ಲೈಮ್ ಪಕ್ಕದಲ್ಲಿ ಹಣ್ಣು, ಉಪ್ಪಿನಕಾಯಿ, ಶರಬತ್ತು ಬಂದದ್ದರಿಂದ ಸುಣ್ಣದ ಭಯ ಹೋಯಿತು. ಇಲ್ಲಿ ಇದನ್ನೇ ಜನ ಲೆಮನ್ ಎಂದೂ ಕರೆಯುತ್ತಾರೆ ಎಂದು ಒಮ್ಮೆ ಹೇಳಿದೆ. ಅಷ್ಟು ಸಾಕಾಯಿತು.

ಕಷ್ಟವಾದದ್ದು ಚಿತ್ರಗಳು. ಎಲ್ಲವನ್ನೂ ಹೇಳಲು ಹೋಗಿ ಮೊದಲು ಉದ್ದುದ್ದ ಬರೆದೆ. ಯಂತ್ರ ಓದುತ್ತಲೇ ಇತ್ತು, ಲೆಕ್ಚರರ್ ಆಕಳಿಸಿದರು. ಆಮೇಲೆ ಕತ್ತರಿಸಿದೆ. ಚೀಲದ ಮೇಲೆ ಹಸಿರು, ಹಳದಿ ಲಿಂಬೆಗಳನ್ನು ಬೇರೆ ಮಾಡುತ್ತಿರುವ, ಹಸಿರು ಬಳೆ ತೊಟ್ಟ ಹೆಣ್ಣುಮಗಳ ಕೈಗಳು, ಇಂಡಿಯ ತೋಟ. ಇನ್ನೊಂದಕ್ಕೆ, ಅಡ್ಡ ಕೊಯ್ದ ಲಿಂಬೆ, ಸಿಪ್ಪೆ ಕಾಗದದಷ್ಟು ತೆಳು. ಹುಡುಕುವವರ ಪದಗಳೂ ಅದರಲ್ಲಿದ್ದವು, ಕಾಣದವರಿಗೆ ಚಿತ್ರವೂ ಇತ್ತು. ಯಂತ್ರ ತನ್ನ ಮೂಗಿನ ದನಿಯಲ್ಲಿಯೇ ಅದನ್ನು ಓದಿತು. ಲೆಕ್ಚರರ್ ಕೈಯೆತ್ತಲಿಲ್ಲ. ನಾನು ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯಾಚೆ ಕಂಡದ್ದಕ್ಕೆಲ್ಲ ಮನಸ್ಸಿನಲ್ಲೇ ವಿವರಣೆ ಬರೆಯುತ್ತ ಬಂದೆ. ತೊಗರಿ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದ ಇಬ್ಬರು. ಕಾಲುವೆಯಲ್ಲಿ ಎಮ್ಮೆ, ಅದರ ಬೆನ್ನ ಮೇಲೆ ಕೊಕ್ಕರೆ. ಪಕ್ಕದಲ್ಲಿ ಕುಳಿತಿದ್ದ ಮುದುಕಿ ನಾನು ಬಾಯಲ್ಲಿ ಗೊಣಗುವುದನ್ನು ಕಂಡು ಸ್ವಲ್ಪ ಸರಿದು ಕುಳಿತಳು.

ಹೊಸ ಪುಟ ಏರಿಸಿದ ಮೇಲೆ ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಂಗಡಿಯ ಫೋನ್ ಬಡಿದುಕೊಂಡಿತು. ಮರಾಠಿಯಲ್ಲಿ ಮಾತಾಡುವ ಹೆಂಗಸು, ಕೊಲ್ಹಾಪುರದಿಂದ. ಉಪ್ಪಿನಕಾಯಿ ಮಾಡಿ ಮಾರುತ್ತಾರಂತೆ. ಮಗಳ ಕೈಲಿ ಕಾಗದಿ ಲಿಂಬೂ ಎಂದು ಹುಡುಕಿಸಿದರೆ ನಮ್ಮ ಪುಟ ಬಂತಂತೆ. ನನ್ನ ಮರಾಠಿ ಅಷ್ಟಕ್ಕಷ್ಟೆ. ಅಣ್ಣನ ಕೈಗೆ ಫೋನ್ ಕೊಟ್ಟು ಅವನ ಮುಖವನ್ನೇ ನೋಡುತ್ತ ನಿಂತೆ. ಅವನು ಹೌದು ಹೌದೆಂದು ಮರಾಠಿಯಲ್ಲಿ "ಹೋ, ಹೋ" ಎನ್ನುತ್ತ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಇಟ್ಟ ಮೇಲೆ, "ಬರ್ತಾರಂತ. ತೋಟ ನೋಡಾಕ," ಅಂದ.

ಬಂದರು. ಗಂಡ ಹೆಂಡತಿ ಇಬ್ಬರೂ, ಬಸ್ಸು ಬದಲಿಸಿ ಬದಲಿಸಿ. ಕಾಕಾ ಹೊಸ ರುಮಾಲು ಸುತ್ತಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಕಾದಿದ್ದ. ತೋಟದಲ್ಲಿ ಆ ಹೆಂಗಸು ಗಿಡ ನೋಡುವ ಮೊದಲು ಚಿಗವ್ವನ ಕೈ ಹಿಡಿದುಕೊಂಡು ಬಳೆಗಳನ್ನು ನೋಡಿ ಏನೋ ಹೇಳಿದರು. ಕಾಕಾ ಕನ್ನಡ ಮಾಡಿದ. ಅವರ ಊರಿನ ಇಂಟರ್ನೆಟ್ ಅಂಗಡಿಯಲ್ಲಿ ನಮ್ಮ ಚಿತ್ರಗಳು ಮೂಡಲು ಬಹಳ ಹೊತ್ತು ಹಿಡಿಯಿತಂತೆ. ಖಾಲಿ ಚೌಕದೊಳಗೆ ಬರೆದಿದ್ದ ಸಾಲನ್ನು ಮಗಳು ಓದಿ ಹೇಳಿದಳಂತೆ. ಚಿತ್ರ ಬರುವ ಮೊದಲೇ ಈ ಕೈ ತನಗೆ ಗೊತ್ತಾಗಿತ್ತು ಅಂದರಂತೆ. ಚಿಗವ್ವನಿಗೆ ನಾಚಿಕೆ. ಸೆರಗು ಮುಂದೆಳೆದುಕೊಂಡಳು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಹಣ್ಣು ಹಿಸುಕಿದರು, ಕೊಯ್ದರು, ಸಿಪ್ಪೆ ಕಚ್ಚಿ ನೋಡಿದರು. ಅಂದಿನಿಂದ ಅವರಿಗೆ ಲಿಂಬೆ ಹೋಗುವುದು ಶುರುವಾಯಿತು, ಬಹಳ ವರ್ಷ ಹೋಯಿತು. ಊಟಕ್ಕೆ ಕುಳಿತಾಗ ಕಾಕಾ ಅವರಿಗೆ ಒತ್ತಿ ಒತ್ತಿ ಹೋಳಿಗೆ ಬಡಿಸುತ್ತ ನಡುನಡುವೆ ಅವರ ಮುಖವನ್ನೇ ನೋಡುತ್ತಿದ್ದ. ನಾನು ಆ ರಾತ್ರಿಯೇ ಮುದ್ದೇಬಿಹಾಳಕ್ಕೆ ಫೋನ್ ಮಾಡಿ ಹೇಳಿದೆ. ಆ ಕಡೆ ಲೆಕ್ಚರರ್, "ಮತ್ತ, ಆ ಕೊಳ್ಳಾವರ ಮಾರಿ ಹೆಂಗಿತ್ತು, ಹೇಳು," ಎಂದು ಕೇಳಿದರು. ನಾನು ಹೇಳಿದೆ, ಉದ್ದ ಮಾಡದೆ.

ಸುದ್ದಿ ಹಬ್ಬಿತು. ಸಿಂದಗಿಯ ಸರ್ ತಮ್ಮ ಕ್ಲಾಸಿನಲ್ಲಿ ನನ್ನ ಪುಟ ತೋರಿಸಿದರು. ಮಸೂತಿ ಎಂಬ ಊರಿನಿಂದ ಒಬ್ಬರು ದ್ರಾಕ್ಷಿಗೆ ಪುಟ ಬೇಕೆಂದು ಬಂದರು. ಅವರನ್ನು ಕೂಡಿಸಿಕೊಂಡು, ನಿಮ್ಮ ದ್ರಾಕ್ಷಿ ಕೊಳ್ಳುವವರು ಬಾಯಿಬಿಟ್ಟು ಏನು ಕೇಳುತ್ತಾರೆ ಹೇಳಿ ಎಂದರೆ ಅವರು ಮೊದಲು ಗಾಬರಿಯಾದರು, ಆಮೇಲೆ ಎದ್ದೇಳಲು ಒಪ್ಪಲಿಲ್ಲ. ನಮ್ಮ ಅಂಗಡಿಗೆ ಇನ್ನೊಂದು ಕಂಪ್ಯೂಟರು, ನನಗೊಂದು ಕ್ಯಾಮೆರಾ ಬಂದವು. ಅಣ್ಣ ಬೋರ್ಡಿನ ಮೇಲೆ ವೆಬ್‌ಪೇಜ್ ಬರೆದುಕೊಡಲಾಗುವುದು ಎಂದು ಸೇರಿಸಿದ.

ಅಕ್ಕನಿಗೆ ಹೆಣ್ಣು ಹುಟ್ಟಿ, ತೊಟ್ಟಿಲ ಕಾರ್ಯ ಮುಗಿದ ಮೇಲೆ ಅವಳ ಗಂಡ ನನ್ನನ್ನು ಕೊಲ್ಹಾರಕ್ಕೆ ಕರೆದುಕೊಂಡು ಹೋದರು. ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿದ ಮೇಲೆ ಎತ್ತರದಲ್ಲಿ ಕಟ್ಟಿಕೊಂಡ ಹೊಸ ಊರು. ಅಲ್ಲಿ ಗಡಿಗೆಯ ಮೊಸರು ಮಾರುವ ಒಬ್ಬ ಹೆಣ್ಣುಮಗಳು ತನ್ನ ಮೊಸರಿಗೂ ಪುಟ ಬೇಕೆಂದು ಹೇಳಿಕಳಿಸಿದ್ದಳು. ಸೇತುವೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ನಾನು ಸ್ಟೂಲಿನ ಮೇಲೆ ಕುಳಿತು ಕೇಳಿದೆ.

"ಗಿರಾಕಿ ಬಂದವರು ಏನಂತ ಕೇಳ್ತಾರ್ರಿ?"

"ಏನೂ ಕೇಳೂದಿಲ್ಲವಾ. ಗಟ್ಟಿ ಐತಿಲ್ಲೋ ನೋಡತಾರ," ಎನ್ನುತ್ತ ಅವಳು ಒಂದು ಗಡಿಗೆಯನ್ನೆತ್ತಿ ನನ್ನ ತೊಡೆಯ ಮೇಲೆ ತಲೆಕೆಳಗು ಮಾಡಿ ಹಿಡಿದಳು. ನಾನು ಹೊಸ ಸೀರೆ ಉಟ್ಟಿದ್ದೆ. ಒಂದು ಹನಿ ಬೀಳಲಿಲ್ಲ.

"ಹಂಗ ಹಿಡಕೊಂಡಿರ್ರಿ," ಅಂದೆ, ಕ್ಯಾಮೆರಾಕ್ಕಾಗಿ ಚೀಲದಲ್ಲಿ ತಡಕಾಡುತ್ತ. "ಹಂಗ ಹಿಡಕೊಂಡಿರ್ರಿ."